ಮುಟ್ಟಿದರೆ ಕರಗುವವನು

೨೦೦೭ರ ಮೇ ೧೨, ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಆ ಆಟ ನಮ್ಮ ಕಣ್ಣಿಗೆ ಬಿದ್ದ ಹೊತ್ತನ್ನು ನಾನು ಅಂದೇ ಬರೆದಿಟ್ಟಿದ್ದೆ. ಹತ್ತು ವರ್ಷದವಳಾಗಿದ್ದ ನನಗೆ ಎಲ್ಲದಕ್ಕೂ ಗಂಟೆ-ನಿಮಿಷ ಗುರುತಿಡುವ ಚಟವಿತ್ತು.

ಆಗೆಲ್ಲ ಶಿರಸಿಯಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಕಡಿಮೆ. ಇದ್ದವರು ಅದಕ್ಕೆ ಕಸೂತಿ ಹಾಕಿದ ಬಟ್ಟೆ ಮುಚ್ಚಿಡುತ್ತಿದ್ದರು. ಆಯಿಯ ತಂಗಿ ಚಿಕ್ಕಿಯ ಮನೆಯಲ್ಲಿ ಅದು ಹೊರಗಿನ ಕೋಣೆಯಲ್ಲಿತ್ತು. ನಾವು ಅಲ್ಲಿಗೆ ಬಂದು ಸೇರಿದ್ದಕ್ಕೆ ಕಾರಣ ಬೇರೆ. ನಮ್ಮೂರು ಹೇರೂರಿನಲ್ಲಿ ಅಜ್ಜ ತೀರಿಕೊಂಡು ವಾರವಾಗಿತ್ತು. ಕ್ರಿಯೆಗೆ ಕೂತ ಅಪ್ಪನೂ ಆಯಿಯೂ ಅಲ್ಲಿದ್ದರು. ನನ್ನನ್ನೂ ಐದು ವರ್ಷದ ತಮ್ಮನನ್ನೂ ಚಿಕ್ಕಿಯ ಹತ್ತಿರ ಬಿಟ್ಟಿದ್ದರು.

"ಒಳಗೆ ಬರಡಿ, ನಿಂಗಕ್ಕೆ ಸೂತಕ ಇದ್ದು. ಹೊರಗಿನ ಕೋಣೆಲೇ ಆಡ್ಕ್ಯಳಿ" ಎಂದಿದ್ದಳು ಚಿಕ್ಕಿ. ಒಳಗೆ ಹಲಸಿನ ಹಪ್ಪಳ ಕರಿಯುವ ವಾಸನೆ. ಹೊರಗೆ ನಾವು, ಕಂಪ್ಯೂಟರು ಮತ್ತು ಚಿಕ್ಕಿಯ ಮಗ ವಿನಾಯಕಣ್ಣ. ಯಾರೋ ಗೆಳೆಯ ನಕಲು ಮಾಡಿ ಕೊಟ್ಟ ಸಿ.ಡಿ. ಅವನ ಬಳಿ ಇತ್ತು. ಅದರ ಮೇಲೆ ಹೆಸರಿರಲಿಲ್ಲ.

ಆ ಆಟದಲ್ಲಿ ನಾವು ಮನುಷ್ಯರ ಕಡೆಯವರಲ್ಲ. ಭೂಮಿಯನ್ನು ಗೆಲ್ಲಲು ಬಂದ ಅನ್ಯಗ್ರಹದವನೇ ನಾವು. ಕುಳ್ಳ, ಬೋಳುತಲೆಯವ, ದೊಡ್ಡ ಕಣ್ಣಿನವ, ಸದಾ ಸಿಡಿಮಿಡಿ. ಆಕಾಶದ ಹಡಗಿನಿಂದ ಇಳಿದವನೇ ಗದ್ದೆಯ ಬೆದರುಬೊಂಬೆಯೆದುರು ನಿಂತು, ಶರಣಾಗು ಎಂದು ಭಾಷಣ ಮಾಡುತ್ತಾನೆ. ಅದು ಉತ್ತರ ಕೊಡಲಿಲ್ಲವೆಂದು ಸಿಟ್ಟುಮಾಡಿ ಸುಡುತ್ತಾನೆ. ತಮ್ಮ ನೆಲದ ಮೇಲೆ ಹೊರಳಾಡಿ ನಕ್ಕಿದ್ದ. ಆಮೇಲೆ ಅವನು ಮನುಷ್ಯರ ವೇಷ ಹಾಕಿ ಊರೊಳಗೆ ಹೋಗಬೇಕು. ಆದರೆ ಯಾರೂ ಅವನನ್ನು ಮುಟ್ಟಬಾರದು. ಮುಟ್ಟಿದರೆ ವೇಷ ಕರಗಿ ಹಸಿರು ಮೈ ಕಾಣುತ್ತದೆ. ಕೀಬೋರ್ಡಿನ ಎಂ ಗುಂಡಿ ಒತ್ತಿದರೆ ಎದುರಿನವರ ಮನಸ್ಸಿನ ಮಾತು ಅವರ ತಲೆಯ ಮೇಲೆ ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ವಿನಾಯಕಣ್ಣ ಓದಿ ಹೇಳುತ್ತಿದ್ದ.

"ಈ ಪೊಲೀಸು ಎಂತ ಯೋಚನೆ ಮಾಡ್ತಾ ಇದ್ದ ಗೊತ್ತಿದ್ದಾ? ಬೂಟು ಕಚ್ತು, ಮನೆಗೆ ಹೋಗಿ ಬಿಚ್ಚವು ಹೇಳಿ."

ಮೂರು ದಿನ ಹೀಗೆ ಕಳೆಯಿತು. ಮಂಗಳವಾರ ಚಿಕ್ಕಪ್ಪ ನಮ್ಮನ್ನು ಹೇರೂರಿಗೆ ಕರೆದುಕೊಂಡು ಹೋದ.

ಜಗಲಿಯಲ್ಲಿ ಒದ್ದೆ ಪಂಚೆಯುಟ್ಟು ಯಾರೋ ನಿಂತಿದ್ದರು. ತಲೆ ಬೋಳು. ಮೀಸೆ ಇಲ್ಲ. ಕನ್ನಡಕ ತೆಗೆದಿದ್ದರಿಂದ ಕಣ್ಣು ದೊಡ್ಡದಾಗಿ, ಎಲ್ಲೋ ನೋಡುತ್ತಿದ್ದಂತೆ ಕಾಣುತ್ತಿತ್ತು. ಅಪ್ಪ ಎಂದು ಗುರುತಿಸಲು ನನಗೇ ಒಂದು ಗಳಿಗೆ ಬೇಕಾಯಿತು. ತಮ್ಮ ಅವನ ಕಡೆಗೆ ಓಡಿದ. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಅಡ್ಡ ಹಿಡಿದ.

"ಮುಟ್ಟಡ ತಮಾ. ಕ್ರಿಯೆ ಮುಗಿಯವರೆಗೆ ಎನ್ನ ಮುಟ್ಟಲಾಗ."

ತಮ್ಮ ನಿಂತಲ್ಲೇ ನಿಂತ. ಆ ಬೋಳುತಲೆಯನ್ನೇ ನೋಡುತ್ತಿದ್ದ.

"ಅಕ್ಕಾ, ಅದು ಅಪ್ಪ ಅಲ್ಲ" ಎಂದ ಅವನು, ಕೊಟ್ಟಿಗೆಯ ಹಿಂದೆ ನನ್ನನ್ನು ಎಳೆದುಕೊಂಡು ಹೋಗಿ.

"ಸುಮ್ನಿರು. ಅಪ್ಪನೇಯ."

"ಹಂಗಾರೆ ಮೀಸೆ ಎಲ್ಲಿದ್ದು?"

"ಅಜ್ಜ ಸತ್ತೋದ್ನಲ, ಅದಕ್ಕೆ ತೆಗೆಸಿದ್ದ."

"ಅಜ್ಜ ಸತ್ರೆ ಅಪ್ಪನ ಮೀಸೆ ಎಂತಕ್ಕೆ ತೆಗೆಯವು?"

ಆ ರಾತ್ರಿ ಅವನು ಊಟ ಮಾಡಲಿಲ್ಲ. ಮರುದಿನವೂ ಅಪ್ಪನನ್ನು ಕಂಡಲ್ಲೆಲ್ಲ ತಮ್ಮ ಕಂಬದ ಹಿಂದೆ ಅಡಗಿದ. ಆಯಿಗೆ ಹೇಳೋಣವೆಂದರೆ ಅವಳ ಸುತ್ತ ಯಾವಾಗಲೂ ಬಂದವರು, ಅಳುವವರು. ನಾನು ಕದ್ದು ಕದ್ದು ಅಪ್ಪನನ್ನು ನೋಡುತ್ತಿದ್ದೆ. ಒಂಟಿಯಾಗಿ ಉಣ್ಣುತ್ತಿದ್ದ, ನಗುವೇ ಇಲ್ಲ. ಬುಧವಾರ ಬೆಳಗಿನ ಹೊತ್ತಿಗೆ ನನಗೂ ಅರ್ಧ ಅನುಮಾನ ಬಂದಿತ್ತು.

ಅಂದು ಮಧ್ಯಾಹ್ನ ಭಟ್ಟರು ಪಿಂಡಕ್ಕೆ ಅಣಿಮಾಡುತ್ತಿದ್ದಾಗ ಆಯಿ ಕೇಳಿದಳು, "ಕೂಸೆ, ತಮ ಎಲ್ಲಿದ್ದ?"

ಒಳಗಿರಲಿಲ್ಲ. ಕೊಟ್ಟಿಗೆಯಲ್ಲಿರಲಿಲ್ಲ. ಬಾವಿಗೂ ಬಗ್ಗಿ ನೋಡಿದೆ, ಅಲ್ಲೂ ಇಲ್ಲ. ಆಮೇಲೆ ನೆನಪಾಯಿತು: "ಸಿರ್ಸಿಗೆ ಹೋಗಿ ವಿನಾಯಕಣ್ಣಂಗೆ ಹೇಳವು" ಎಂದು ಅವನು ಬೆಳಿಗ್ಗೆ ಗೊಣಗಿದ್ದ. ನಾನು ಬಸ್ ನಿಲ್ಲುವ ಕಟ್ಟೆಯ ಕಡೆ ಓಡಿದೆ. ಹಿಂದೆ ಯಾರದೋ ಬರಿಗಾಲಿನ ಸದ್ದು. ತಿರುಗಿ ನೋಡಿದರೆ, ಎಳ್ಳುನೀರಿನ ಕ್ರಿಯೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದ ಅಪ್ಪ.

ತಮ್ಮ ಕಟ್ಟೆಯ ಮೇಲೆ ಕೂತಿದ್ದ. ಅಪ್ಪನನ್ನು ಕಂಡು ಇಳಿದು ರಸ್ತೆಯ ಅಂಚಿಗೆ ಸರಿದ.

"ಹತ್ರ ಬರಡ. ಆನು ಸಿರ್ಸಿಗೆ ಹೋಗ್ತೆ."

ಅಪ್ಪ ಒಂದು ಹೆಜ್ಜೆ ಇಟ್ಟ. ತಮ್ಮ ಒಂದು ಹೆಜ್ಜೆ ಹಿಂದೆ ಹೋದ, ಡಾಂಬರಿನ ಮೇಲೆ. ದೂರದ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅಪ್ಪನಿಗೆ ಏನು ಹೊಳೆಯಿತೋ, ಇನ್ನೊಂದು ಹೆಜ್ಜೆ ಇಡದೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

"ತಮಾ, ಎಂ ಒತ್ತು" ಎಂದೆ ನಾನು. ಬೇರೇನೂ ತೋಚಲಿಲ್ಲ. "ಒತ್ತಿ ನೋಡು. ಅಪ್ಪಾ, ನೀ ಈಗ ಎಂತ ಯೋಚನೆ ಮಾಡ್ತಾ ಇದ್ದೆ, ಅದನ್ನ ಹೇಳು. ಸುಳ್ಳು ಹೇಳಡ."

ತಮ್ಮ ಹೆಬ್ಬೆರಳನ್ನು ತನ್ನ ಹಣೆಗೆ ಒತ್ತಿಕೊಂಡ. ಅಪ್ಪ ನನ್ನನ್ನು ನೋಡಿದ, ಅವನನ್ನು ನೋಡಿದ. ಆಮೇಲೆ ನೆಲ ನೋಡುತ್ತ ಹೇಳಿದ:

"ಮೊನ್ನೆ ಮೀಸೆ ತೆಗೆದಾದ ಮೇಲೆ ಕನ್ನಡಿ ನೋಡಿದ್ದೆ. ಅದರೊಳಗೆ ಎನ್ನ ಅಪ್ಪನೇ ಕಂಡ. ಇನ್ನೊಂದ್ಸಲ ಕನ್ನಡಿ ಕೊಡಿ ಹೇಳಿ ಕೇಳವು ಅನ್ನಿಸ್ತು. ಎಲ್ಲರ ಎದುರಿಗೆ ನಾಚಿಗೆ ಆತು, ಕೇಳಿದ್ನಿಲ್ಲೆ. ಅದನ್ನೇ ಯೋಚನೆ ಮಾಡ್ತಾ ಇದ್ದೆ."

ತಮ್ಮ ಹಣೆಯಿಂದ ಬೆರಳು ತೆಗೆಯದೆ ಅಪ್ಪನ ಮುಖವನ್ನು ನೋಡಿದ.

"ಹೌದು. ನೀ ಅಜ್ಜನ ಹಂಗೇ ಇದ್ದೆ" ಎಂದ.

ಅಪ್ಪ ಕೈ ಚಾಚಿದ. ತಮ್ಮ ಬಂದು ಒಂದೇ ಬೆರಳಿನಿಂದ ಆ ಬೋಳುತಲೆಯನ್ನು ಮುಟ್ಟಿ, ಥಟ್ಟನೆ ಕೈ ಹಿಂದೆಳೆದುಕೊಂಡು ಕಾದ. ಬಸ್ಸು ಧೂಳೆಬ್ಬಿಸುತ್ತ ನಮ್ಮನ್ನು ದಾಟಿಹೋಯಿತು.

"ಕರಗಿದ್ನಿಲ್ಲೆ ಅಕ್ಕಾ."

ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಮನೆಗೆ ಬಂದ. ಭಟ್ಟರು ಅಪ್ಪನ ಹೆಗಲ ಕಡೆ ನೋಡಿದರು. "ಇನ್ನೊಂದ್ಸಲ ಮಿಂದ್ಕ ಬತ್ತೆ" ಎಂದು ಅಪ್ಪ ಬಾವಿಕಟ್ಟೆಗೆ ಹೋದ. ಅಂದು ಊಟಕ್ಕೆ ಎಲೆ ಹಾಕುವಾಗ ನಾಲ್ಕು ಗಂಟೆ ದಾಟಿತ್ತು. ತಮ್ಮ ಆರು ವಡೆ ತಿಂದ.

ಅಪ್ಪನ ಮೀಸೆ ಜೂನ್ ಕೊನೆಯ ಹೊತ್ತಿಗೆ ಮತ್ತೆ ಬಂತು. ಅದರ ಜೊತೆಗೆ ಅವನ ಎಂದಿನ ಮೌನವೂ. ಈಗ ತಮ್ಮನಿಗೂ ಮೀಸೆಯಿದೆ. ಹೊರಗಿನ ಕೋಣೆಯ ಕಂಪ್ಯೂಟರು ಯಾವಾಗಲೋ ಗುಜರಿಗೆ ಹೋಯಿತು. ಸಂಜೆ ಜಗಲಿಯಲ್ಲಿ ಸುಮ್ಮನೆ ಕೂತ ಅಪ್ಪನನ್ನು "ಎಂತ ಯೋಚನೆ?" ಎಂದು ಕೇಳಿದರೆ "ಎಂತ ಇಲ್ಲೆ" ಎನ್ನುತ್ತಾನೆ. ನಾವಿಬ್ಬರೂ ಅಷ್ಟಕ್ಕೇ ಬಿಡುತ್ತೇವೆ. ಹಣೆಗೆ ಬೆರಳು ಒತ್ತಿ ಕೇಳುವ ಧೈರ್ಯ ಇಬ್ಬರಿಗೂ ಉಳಿದಿಲ್ಲ.

ಆ ಆಟವನ್ನು ನಾವು ಮುಗಿಸಲೂ ಇಲ್ಲ. ಶಿರಸಿಗೆ ಮರಳುವಷ್ಟರಲ್ಲಿ ಸಿ.ಡಿ.ಗೆ ಗೀರು ಬಿದ್ದಿತ್ತು. ಆ ಅನ್ಯಗ್ರಹದವನ ಹಡಗು ಕೆಟ್ಟು, ಅವನು ಅಂಚೆಯವನ ವೇಷದಲ್ಲಿ ಒಂದು ಮನೆಯ ಬಾಗಿಲಲ್ಲಿ ನಿಂತಿದ್ದ. ಅಲ್ಲಿಗೆ ಚಿತ್ರ ನಿಂತುಹೋಯಿತು. ಕೊನೆತನಕ ಆಡಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಆಟದ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಆ ಬಾಗಿಲು ತೆರೆದವರು ಅವನನ್ನು ಮುಟ್ಟಿದರೋ ಇಲ್ಲವೋ, ಅಷ್ಟು ತಿಳಿಸಿದರೆ ಸಾಕು.