ಐಸ್‌ಗಡ್ಡೆಯ ನಡುವಿನ ನೀರು

ಮನೆಯಲ್ಲಿ ಅವಳಿಗೆ ಚೌಕಾಸಿ ಎಂದೇ ಹೆಸರು. ಅಂಗಡಿಯವನು ಹೇಳಿದ ಬೆಲೆಯನ್ನು ಅರ್ಧಕ್ಕೆ ಇಳಿಸದೆ ಅವಳು ಮೆಟ್ಟಿಲಿಳಿದದ್ದೇ ಇಲ್ಲ. ಅಕ್ಕ ಹಾಗಲ್ಲ, ಕೇಳಿದಷ್ಟು ಕೊಟ್ಟು ಬರುವವಳು. "ನಿನ್ನ ಕಂಡ್ರೆ ಅಂಗಡಿಯವ್ರು ಶಟರ್ ಎಳೀತಾರೆ, ನನ್ನ ಕಂಡ್ರೆ ಕುರ್ಚಿ ಹಾಕ್ತಾರೆ" ಎಂದು ನಗುತ್ತಿದ್ದಳು.

ಆ ಅಕ್ಕ ತೀರಿಹೋಗಿ ಒಂದು ತಿಂಗಳಾಗಿತ್ತು. ಬಂದರಿನ ಹಿಂದಿನ ಬೀದಿಯ ಐಸ್ ಫ್ಯಾಕ್ಟರಿಯಲ್ಲಿ ಅಕ್ಕನ ಕುರ್ಚಿಯಲ್ಲಿ ಈಗ ಚೌಕಾಸಿ ಕೂರುತ್ತಿದ್ದಳು. ಕುರ್ಚಿಯ ಬೆನ್ನಿಗೆ ಅಕ್ಕನ ಸ್ವೆಟರ್ ಹಾಗೇ ನೇತಾಡುತ್ತಿತ್ತು. ಅದನ್ನು ಅವಳು ತೆಗೆದಿಡಲೂ ಇಲ್ಲ, ತೊಡಲೂ ಇಲ್ಲ. ಅಳು ಬಂದಿರಲಿಲ್ಲ. ಜನ ಬಂದು ಕೈ ಹಿಡಿದುಕೊಂಡರೆ, ಆ ಕೈ ಬೇರೆ ಯಾರದೋ ಅನ್ನಿಸುತ್ತಿತ್ತು.

ಭಾವ ಯಂತ್ರ ಬಲ್ಲ ಮನುಷ್ಯ. ಕಂಪ್ರೆಸರ್ ಉಸಿರು ತಪ್ಪಿದರೂ ಅವರಿಗೆ ತಿಳಿಯುತ್ತದೆ. ಅದಕ್ಕೆ ಕರೆಂಟು ಕೊಳ್ಳುವುದು ಮಾತ್ರ ಅಕ್ಕನ ಕೆಲಸವಾಗಿತ್ತು. "ನೀನು ಕಲಿತ್ರೆ ನಡೆಸೋಣ. ಇಲ್ಲಾಂದ್ರೆ ಕೇಳೋರಿದ್ದಾರೆ, ಮಾರಿಬಿಡ್ತೀನಿ" ಎಂದಿದ್ದರು, ಗೋಡೆ ನೋಡುತ್ತ.

ಕಲಿಸಿದವನು ಫೋನಿನ ಆ ಕಡೆಯ ಕರೆಂಟಿನ ದಲ್ಲಾಳಿ. ನಾಳೆಯ ಕರೆಂಟಿನ ಸಂತೆ ಇವತ್ತೇ ಮುಗಿಯುತ್ತದೆ. ಯಾವ ಹೊತ್ತಿಗೆ ಎಷ್ಟು ಬೇಕು, ಯೂನಿಟ್ಟಿಗೆ ಹೆಚ್ಚೆಂದರೆ ಎಷ್ಟು ಕೊಡಬಲ್ಲೆವು ಎಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಬರೆದು ಕಳಿಸಬೇಕು. ಮಧ್ಯಾಹ್ನ ಬೆಲೆ ಹೊರಬೀಳುತ್ತದೆ.

"ಅಕ್ಕ ಎಷ್ಟು ಹಾಕ್ತಿದ್ಲು?"

ಅವನು ಹೇಳಿದ ಅಂಕಿ ಕೇಳಿ, ತಿಂಗಳಿಂದ ಮಲಗಿದ್ದ ಅವಳ ಚಟ ತಾನಾಗಿ ಎದ್ದು ಕೂತಿತು. ಇಲ್ಲೂ ಕೇಳಿದಷ್ಟು ಕೊಟ್ಟಳಲ್ಲ! ಅದರ ಅರ್ಧ ಬರೆದಳು. "ಮೇಡಂ, ಒಂದ್ನಿಮಿಷ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಫೋನಿಟ್ಟಾಗಿತ್ತು.

ಮಧ್ಯಾಹ್ನ ನೋಡಿದರೆ ಅವರ ಪಾಲಿಗೆ ಒಂದು ಯೂನಿಟ್ಟೂ ಇಲ್ಲ. ಇಲ್ಲಿ ಹೊರಟವಳನ್ನು ಹಿಂದಕ್ಕೆ ಕರೆಯುವ ಅಂಗಡಿಯವನೇ ಇರಲಿಲ್ಲ. ಊರಿನ ಲೈನು ದೀಪಕ್ಕೆ, ಪಂಪಿಗೆ ಸಾಕಾಗುವಷ್ಟೇ. ನಡುರಾತ್ರಿ ದಿನ ಬದಲಾದೊಡನೆ ಭಾವ ಕಂಪ್ರೆಸರ್ ನಿಲ್ಲಿಸಿದರು.

ಬೆಳಿಗ್ಗೆ, ದಿನಾ ಐಸ್ ಕೊಳ್ಳುವ ಮೀನಿನಮ್ಮ ಬಂದು, ಅಚ್ಚಿನಿಂದ ತೆಗೆದ ಗಡ್ಡೆಗೆ ಎಂದಿನಂತೆ ಒಂದೇಟು ಹಾಕಿದಳು. ಒಳಗಿಂದ ನೀರು ಬಳಬಳ ಸುರಿಯಿತು.

"ಏನಮ್ಮಾ, ಐಸ್ ಮಾರ್ತೀಯೋ, ನೀರಿಗೆ ಚಿಪ್ಪು ಕಟ್ಟಿ ಕೊಡ್ತೀಯೋ? ನಿಮ್ಮಕ್ಕ ಇದ್ದಾಗ ಒಂದು ದಿನ ಹಿಂಗಾಗಿಲ್ಲ. ನಾಡಿದ್ದಿನವರೆಗೆ ನೋಡ್ತೀನಿ. ಆಮೇಲೆ ಮೀನು ಮಾರೋರನ್ನೆಲ್ಲ ಕರ್ಕೊಂಡು ಬೇರೆ ಫ್ಯಾಕ್ಟರಿಗೆ ಹೋಗ್ತೀನಿ. ಮೀನು ನನ್ನ ಮಾತು ಕೇಳಿ ಕಾಯಲ್ಲ."

ನೀರು ಚೌಕಾಸಿಯ ಪಾದ ದಾಟಿ ಹರಿಯಿತು. ಅವಳಿಗೆ ತಣ್ಣಗೆನಿಸಲಿಲ್ಲ. ಆಮೇಲೆ ಒಳಗೆ ಹೋಗಿ ದಲ್ಲಾಳಿಗೆ ಫೋನು ಹಚ್ಚಿದಳು.

"ಕರೆಂಟು ಮಾರೋರನ್ನ ಕಡಿಮೆ ರೇಟಿನವರಿಂದ ಸಾಲಾಗಿ ನಿಲ್ಲಿಸ್ತಾರೆ ಮೇಡಂ. ಮೊದಲು ಬಿಸಿಲು, ಗಾಳಿ. ಆಮೇಲೆ ಕಲ್ಲಿದ್ದಲು. ಬಾಲದಲ್ಲಿ ಗ್ಯಾಸು. ಸಾಕಾಗೋವರೆಗೂ ಒಬ್ಬೊಬ್ಬರನ್ನೇ ಕರೀತಾರೆ. ಕೊನೆಗೆ ಕರೆದವನ ರೇಟೇ ಎಲ್ಲರಿಗೂ."

"ಮೊದಲು ನಿಂತೋನಿಗೂ? ಇದು ಹಗಲುದರೋಡೆ ಅಲ್ವಾ?"

"ಎಲ್ಲರೂ ಹಂಗೇ ಬೈತಾರೆ. ಆದರೆ ಆ ಕೊನೆಯವನು ಬರದಿದ್ರೆ ಯಾವುದೋ ಬೀದಿ ಕತ್ತಲೆ. ನೀವು ಬರೆಯೋದು ಕೊಡೋ ರೇಟಲ್ಲ, ಎಷ್ಟಾಗೋವರೆಗೆ ಬೇಕು ಅನ್ನೋದು. ಅಕ್ಕಾವ್ರು ಅಷ್ಟು ಬರೀತಿದ್ರು, ಅಷ್ಟು ಕೊಟ್ಟಿದ್ದು ನಾ ಕಾಣೆ. ಸಂಜೆ ಹೊತ್ತಿಗಂತೂ ಬೇಡವೇ ಬೇಡ ಅನ್ನೋರು. ಎಲ್ಲರ ಮನೆ ಲೈಟು ಹತ್ತೋ ಹೊತ್ತು, ಬಾಲದವನನ್ನ ಕರೆಸೋದು ನಾವಾಗೋದು ಬೇಡ, ನಮ್ಮ ಐಸು ಒಂದೆರಡು ಗಂಟೆ ತಾಳುತ್ತೆ ಅಂತ."

ಅವಳು ಫೋನಿಟ್ಟಳು. ಅಕ್ಕನಿಗೆ ವ್ಯಾಪಾರ ಬರುವುದಿಲ್ಲ ಎಂದು ಇಷ್ಟು ವರ್ಷ ಆಡಿಕೊಂಡಿದ್ದಳು.

ಭಾವನ ಬಳಿ ಹೋಗಿ ಕೇಳಿದಳು: "ಯೂನಿಟ್ಟಿಗೆ ಎಷ್ಟಾದ್ರೆ ಮೆಷಿನ್ ನಿಲ್ಲಿಸೋದೇ ವಾಸಿ, ಭಾವ?"

ಭಾವ ಕೈಯಲ್ಲಿದ್ದ ಎಣ್ಣೆಬಟ್ಟೆ ಕೆಳಗಿಟ್ಟರು. ಈ ಸಲ ಗೋಡೆ ನೋಡಲಿಲ್ಲ. ಲೆಕ್ಕ ಹಾಕಿ ಹೇಳಿದರು. ಅದು ಅಕ್ಕ ಬರೆಯುತ್ತಿದ್ದ ಅಂಕಿಯೇ.

ಅದನ್ನೇ ಬರೆದಳು. ಸಂಜೆಯ ಹೊತ್ತನ್ನು ಖಾಲಿ ಬಿಟ್ಟಳು. ಬಂದ ಬೆಲೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ಮರುದಿನ ಕಂಪ್ರೆಸರ್ ಓಡಿತು. ಸಂಜೆ ಅದು ನಿಂತಾಗ, ಆ ಮೌನದಲ್ಲಿ ಎದುರು ಬೀದಿಯ ಕಿಟಕಿಗಳು ಒಂದೊಂದಾಗಿ ಬೆಳಗುವುದನ್ನು ಅವಳು ಕುರ್ಚಿಯಲ್ಲಿ ಕೂತು ನೋಡಿದಳು. ಸಂತೋಷವೇನೂ ಆಗಲಿಲ್ಲ. ಆದರೂ ಕೊನೆಯ ಕಿಟಕಿಯವರೆಗೂ ನೋಡಿದಳು.

ಅದರ ಮರುಬೆಳಿಗ್ಗೆ ಗಡ್ಡೆಯನ್ನು ಚೌಕಾಸಿಯೇ ಎರಡೂ ಕೈಯಲ್ಲಿ ಹಿಡಿದು ನಿಂತಳು. ಮೀನಿನಮ್ಮ ಏಟು ಹಾಕಿದಳು. ನಡುವಿನವರೆಗೂ ಬೆಳ್ಳಗೆ, ಗಟ್ಟಿಯಾಗಿತ್ತು.

"ಹ್ಞಾಂ" ಎಂದಳು ಮೀನಿನಮ್ಮ. "ನಾಳೆಗೆ ಎರಡು ಜಾಸ್ತಿ ಇಡು."

ಮಾರುವ ಮಾತನ್ನು ಭಾವ ಎತ್ತಲಿಲ್ಲ. ಬಾಗಿಲಲ್ಲಿ ನಿಂತು, "ನಾಳೇದು ಬರೆದು ಕಳ್ಸಿದ್ಯಾ?" ಎಂದರು.

"ಕಳಿಸ್ತೀನಿ, ಕೈ ಮರಗಟ್ಟಿದೆ" ಎಂದಳು. ಹೇಳಿದ ಮೇಲೆಯೇ ಅದು ಅವಳಿಗೆ ಗೊತ್ತಾದದ್ದು. ಕುರ್ಚಿಯ ಬೆನ್ನಿಗಿದ್ದ ಸ್ವೆಟರ್ ಎಳೆದು ತೊಟ್ಟು, ಬೆರಳುಗಳು ಬಿಸಿಯಾಗುವವರೆಗೆ ಅದರ ಜೇಬಿನಲ್ಲಿಟ್ಟುಕೊಂಡು ಕೂತಳು.