ಇಲೋನಾಬಾಯಿಯ ದನಿ

ಮೊನ್ನೆ ಶಿರಸಿಯ ನಮ್ಮ ಮನೆಯಲ್ಲಿ ಮಗಳು ಊಟ ಬಿಟ್ಟು ಮೊಬೈಲಿನಲ್ಲಿ ಹಳೆಯ ಹಂಗೇರಿಯನ್ ಸಿನಿಮಾ ನೋಡುತ್ತ ಕೂತಿದ್ದಳು. ಬೈಯಲೆಂದು ಬಗ್ಗಿದವಳು ಹಾಗೇ ನಿಂತೆ. ಕಪ್ಪು ಬಿಳುಪಿನಲ್ಲಿ ಸೇಬು ಹೆಚ್ಚುತ್ತಿದ್ದ ಹುಡುಗಿಯೊಬ್ಬಳು ಕತ್ತೆತ್ತಿ ನಕ್ಕಳು. ಎಡಗೆನ್ನೆಯ ಗುಳಿ ಕಂಡದ್ದೇ ಗುರುತು ಸಿಕ್ಕಿತು. ನಮ್ಮ ಇಲೋನಾಬಾಯಿ! ಆದರೆ ಮಾತಾಡಿದ್ದು ಬೇರೆ ಯಾರದೋ ದನಿ.

ನಾನು ಯಲ್ಲಾಪುರದ ಹೈಸ್ಕೂಲಿನಲ್ಲಿ ಹೊಸದಾಗಿ ಕನ್ನಡ ಟೀಚರಾಗಿದ್ದ ಕಾಲ ಅದು. ಪೇಟೆಯ ಜೈಬುನ್ನಿಸಾ ಅವರ ಮಹಡಿಯಲ್ಲಿ ಇಲೋನಾಬಾಯಿ ಬಾಡಿಗೆಗಿದ್ದರು. ಕಾಡಿನ ಮರಗಳ ಅಧ್ಯಯನಕ್ಕೆಂದು ಹಂಗೇರಿಯಿಂದ ಬಂದ ಗಂಡ ಇಲ್ಲೇ ತೀರಿಕೊಂಡಿದ್ದರು. ಅವರನ್ನು ಮಣ್ಣು ಮಾಡಿದ ಊರು ಬಿಟ್ಟುಹೋಗಲು ಇವರಿಗೆ ಮನಸ್ಸಾಗಿರಲಿಲ್ಲ. ಸಂಜೆ ನಾನು ಕನ್ನಡ ಹೇಳಿಕೊಡಲು ಹೋಗುತ್ತಿದ್ದೆ.

ನೀವು ನಗಬಹುದು, ನನ್ನ ಕನ್ನಡದ ಬಗ್ಗೆ ಆಗ ನನಗೆ ಭಾರೀ ಜಂಬ. ಸಿದ್ದಾಪುರದ ಮನೆಯಲ್ಲಿ 'ಆನು', 'ಎಂತ' ಎನ್ನುತ್ತ ಬೆಳೆದವಳು, ನೌಕರಿ ಸಿಕ್ಕ ಮೇಲೆ ಚಪ್ಪಲಿ ಕೊಳ್ಳುವಾಗಲೂ ಪಠ್ಯಪುಸ್ತಕದ ಹಾಗೆ ಮಾತಾಡತೊಡಗಿದ್ದೆ. ಬಾಯಿಯವರೋ, ಹಾಲು ತರುವವಳಿಂದ ಕಲಿತದ್ದನ್ನು ಸಂಭ್ರಮದಿಂದ ಒಪ್ಪಿಸುತ್ತಿದ್ದರು.

"ಅಕ್ಕೋರೆ, ಆನು ಪ್ಯಾಟೆಗೆ ಹೋಗ್ತೆ!"

"ನಾನು ಪೇಟೆಗೆ ಹೋಗುತ್ತೇನೆ ಅನ್ನಿ," ಎಂದು ನಾನು ತಿದ್ದುತ್ತಿದ್ದೆ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಅವರನ್ನು ಕರೆದೆವು. ತಮ್ಮ ಹಳ್ಳಿಯ ಬಗ್ಗೆ ಕನ್ನಡದಲ್ಲೇ ಒಂದು ಪುಟ ಬರೆದು, ವಾರವಿಡೀ ಓದಿ ಅಭ್ಯಾಸ ಮಾಡಿದರು. ವೇದಿಕೆ ಹತ್ತುವ ಮುಂಚೆ ನನಗೇ ಧೈರ್ಯ ಸಾಲಲಿಲ್ಲ. ಕಲಿಸಿದವಳು ನಾನಲ್ಲವೇ? ಅವರ ಕೈಯಿಂದ ಕಾಗದ ತೆಗೆದುಕೊಂಡೆ.

"ಉಚ್ಚಾರ ಇನ್ನೂ ಸರಿಯಾಗಿಲ್ಲ, ಮಕ್ಕಳು ನಗುತ್ತಾರೆ. ನೀವು ನಿಂತಿರಿ, ನಾನು ಓದುತ್ತೇನೆ."

ನಾನು ಓದಿದೆ. ಅವರು ಪಕ್ಕದಲ್ಲಿ ನಿಂತು ಒಂದೊಂದು ಮಾತಿಗೂ ತಕ್ಕಂತೆ ನಕ್ಕರು, ಕಣ್ಣು ತುಂಬಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ಕೆಳಗಿಳಿದು, "ಎಷ್ಟು ಚೆನ್ನಾಗಿ ನಿಂತಿರಿ!" ಎಂದೆ.

"ನಂಗೆ ರೂಢಿ ಇದ್ದು, ಅಕ್ಕೋರೆ," ಎಂದರು.

ತಾವು ಸಿನಿಮಾ ನಟಿಯಾಗಿದ್ದದ್ದನ್ನು ಅವರು ಹೇಳಿದ್ದು ಅವತ್ತೇ. ನಿರ್ದೇಶಕರಿಗೆ ಅವರ ಮುಖ ಬೇಕಿತ್ತು, ಗಡಿಹಳ್ಳಿಯ ಮಾತಿನ ಧಾಟಿ ಬೇಡವಾಗಿತ್ತು. ನಟಿಸಿದ ಒಂದೊಂದು ಚಿತ್ರಕ್ಕೂ ಇನ್ನೊಬ್ಬಳ ದನಿ ಕೂಡಿಸಿದರು. ಮುಖಕ್ಕೆ ವಯಸ್ಸಾದಾಗ ಇವರನ್ನು ಕರೆಯುವುದು ನಿಂತಿತು. ದನಿಯವಳಿಗೆ ಮಾತ್ರ ಕೆಲಸ ತಪ್ಪಲಿಲ್ಲ.

"ನಮ್ಮಮ್ಮ ಸಿನಿಮಾ ನೋಡಿ ಅತ್ತಳು. ಇದು ನನ್ನ ಮಗಳ ದನಿ ಅಲ್ಲ ಹೇಳಿ."

ತಪ್ಪಾಯಿತು ಎನ್ನಬೇಕಿತ್ತು. ಮಕ್ಕಳನ್ನು ಸಾಲು ಮಾಡುವ ನೆವ ಹೇಳಿ ಜಾರಿಕೊಂಡೆ. ಮರುದಿನ ಪಾಠಕ್ಕೆ ಹೋದರೆ ಅವರಿಗೆ ತಲೆನೋವು. ಅದರ ಮರುದಿನವೂ. ಜೂನ್‌ನಲ್ಲಿ ನನಗೆ ಶಿರಸಿಗೆ ವರ್ಗವಾಯಿತು. ಕೆಲ ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಯಾರೋ ಹೇಳಿದರು.

ಸಿನಿಮಾ ನೋಡಿದ ಮರುದಿನವೇ ಯಲ್ಲಾಪುರದ ಬಸ್ಸು ಹತ್ತಿದೆ. ಜೈಬುನ್ನಿಸಾ ಈಗ ಹಣ್ಣುಹಣ್ಣು ಮುದುಕಿ.

"ನೀವು ಹೋದ್ಮೇಲೆ ಕನ್ನಡ ಬಿಟ್ಟೇ ಬಿಟ್ರು, ಅಕ್ಕೋರೆ. ಕಡೀಗೆ ಹಾಸಿಗೆ ಹಿಡಿದಾಗ ಅವ್ರ ಭಾಷೇಲೇ ಎಂತೆಂತದೋ ಹೇಳ್ತಿದ್ರು. ನಂಗೆ ಒಂದಕ್ಷರ ತಿಳೀತಿರ್ಲಿಲ್ಲ. ಬಾಜೂಗೆ ಕೂತು ಹೂಂ, ಹೂಂ ಅಂತಿದ್ದೆ."

ವಾರ್ಷಿಕೋತ್ಸವದ ದಿನ ನಾನು ಮಾಡಿದ್ದನ್ನು ಅವರಿಗೆ ಹೇಳಿದೆ. ಅವರು ಚಹಾ ಮಾಡಲು ಎದ್ದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಮಗಳು ಕೇಳಿದಳು, "ಆಯೀ, ಅವ್ರ ದನಿ ಹ್ಯಾಂಗಿತ್ತು?"

ಕಣ್ಣು ಮುಚ್ಚಿ ಕೂತೆ. ಅವರ ಬಾಯಲ್ಲಿ ನಾನು ತಿದ್ದಿದ ತಪ್ಪುಗಳೆಲ್ಲ ಒಂದೊಂದಾಗಿ ನೆನಪಾದವು. ದನಿ ನೆನಪಾಗಲಿಲ್ಲ.

"ಗೊತ್ತಿಲ್ಲೆ ಮಗಾ," ಎಂದೆ.