ಮೂರು ಸಲ ಕರೆಯುವ ಗುಡ್ಡಕ್ಕ

ಚಂದ್ರಗುತ್ತಿಯ ಕೆಳಗೆ ನಮ್ಮ ಹಿತ್ತಲಿಗೆ ತಾಗಿದ ಹುಲ್ಲಿನ ಮನೆ ಗುಡ್ಡಮ್ಮನದು. ಎಲ್ಲರೂ ಗುಡ್ಡಕ್ಕ ಅನ್ನುತ್ತಿದ್ದರು. ಸೀಗೆಕಾಯಿ, ಜೇನು, ಅಂಟುವಾಳ ತಂದು ಮಾರಿ ಒಬ್ಬಳೇ ಬದುಕಿದವಳು. ಕಾಡಿಗೆ ಹೊರಡುವಾಗ ಮಾತ್ರ ಎಲೆಅಡಿಕೆ ಉಗುಳಿ ಬಾಯಿ ತೊಳೆಯುವಳು, ತನಗಿಂತ ಮುಂಚೆ ತನ್ನ ವಾಸನೆ ಹೋಗಬಾರದು ಎಂದು.

ನಾನು ಶಿಕಾರಿಪುರದ ಕಡೆ ಬಯಲಿನವಳು. ಐವತ್ತೇಳನೇ ಇಸವಿಯಲ್ಲಿ ಇಲ್ಲಿಗೆ ಕೊಟ್ಟರು. ತವರಿನ ಬಾಗಿಲಲ್ಲಿ ನಿಂತರೆ ಕೆರೆ ಏರಿಯ ಮೇಲೆ ಬರುವ ಬಸ್ಸು ಕಾಣುತ್ತಿತ್ತು. ಇಲ್ಲಿ ಬಾಗಿಲು ತೆಗೆದರೆ ಮರ, ಅದರ ಹಿಂದೆ ಮರ. ಮಗ ಹುಟ್ಟಿದ ಮೇಲೂ ನಾನು ಹಿತ್ತಲು ದಾಟಿರಲಿಲ್ಲ.

"ಒಳಗೇ ಕೂತ್ಕಂಡು ಎಂತ ಕಾಯ್ತೀಯೆ, ಶಿಕಾರಿಪುರದೋಳೆ? ಮರ ನಡ್ಕಂಡು ಬಂದು ಕಚ್ತಾವ?" ಎಂದು ಗುಡ್ಡಕ್ಕನೇ ನನ್ನನ್ನು ಹೊರಡಿಸಿದಳು.

ಮೊದಲ ದಿನವೇ ಎರಡು ಮಾತು ಕಲಿಸಿದಳು. ಅತ್ತಿಮರ ಕಂಡಲ್ಲಿ ನೀರು ಹುಡುಕು. ಕಾಡಿನಲ್ಲಿ ಯಾರಾದರೂ ಕರೆದರೆ ಮೂರನೇ ಕರೆಗೇ ಓಗೊಡು; ಕಣ್ಣಿಗೆ ಕಾಣದ್ದು ಎರಡು ಸಲ ಕರೆದೀತು, ಮೂರನೆಯದಕ್ಕೆ ಅದಕ್ಕೆ ಬಾಯಿಲ್ಲ.

ಆ ವರ್ಷದ ಸೀಗೆಕಾಯಿ ಕಾಲ. ಮಗನಿಗೆ ಹಾಲು ಕುಡಿಸಿ ಅತ್ತೆಯ ಕೈಗೆ ಕೊಟ್ಟು ಅವಳ ಜೊತೆ ಹೋದೆ. ನನ್ನನ್ನು ಒಂದು ಮೆಳೆಯ ಹತ್ತಿರ ನಿಲ್ಲಿಸಿ ಅವಳು ದಿಬ್ಬದಾಚೆ ಹೋದಳು. ಮತ್ತಿಮರದಡಿ ಒಣಗಿದ ಎಲೆಯ ದರಗು ರಾಶಿಯಾಗಿತ್ತು. ಕೊಟ್ಟಿಗೆಗೆ ಆದೀತು ಎಂದು ಬಾಚಿಕೊಳ್ಳಲು ಕಾಲಿಟ್ಟೆ. ನೆಲ ಇರಲಿಲ್ಲ.

ಅದು ಹಂದಿಗೆ ತೋಡಿದ ಗುಂಡಿ. ಎರಡಾಳುದ್ದ. ಗುಡ್ಡಕ್ಕಾ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಕೂಗು ನನ್ನ ಸುತ್ತಲೇ ಸುತ್ತಿತು. ಮೇಲೆ ಮೊರದಗಲ ಆಕಾಶ.

ಬಿಸಿಲು ಒಂದು ಗೋಡೆ ಬಿಟ್ಟು ಇನ್ನೊಂದಕ್ಕೆ ಬಂತು. ಹಾಲು ತುಂಬಿ ಎದೆ ಕಲ್ಲಾಯಿತು. ಮಗ ಅಳುವ ಹೊತ್ತು. ಅವನು ನನ್ನ ಹಾಲು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನೋವು ತಡೆಯಲಾಗದೆ ಹಾಲನ್ನು ಮಣ್ಣಿಗೇ ಹಿಂಡಿದೆ.

ಆಗ ಹತ್ತಿರವೇ ಗಂಡಸಿನ ದನಿ: "ಅತ್ತಿಗೇ!"

ಉಸಿರು ಬಿಗಿಹಿಡಿದೆ.

"ಅತ್ತಿಗೇ!"

ಮೂರನೆಯದಕ್ಕೆ ಕಾದೆ. ದರಗಿನ ಮೇಲೆ ಹೆಜ್ಜೆ ಸದ್ದಾಗಿ ದೂರವಾಯಿತು. ಆಮೇಲೆ ಬಾಯಿ ತೆಗೆದರೆ ದನಿಯೇ ಹೊರಡಲಿಲ್ಲ.

ಅಳುತ್ತಾ ಕೂತವಳಿಗೆ ಇರುವೆ ಕಂಡವು. ಹಾಲಿಗೆ ಬಂದಿದ್ದವು. ಒಂದೇ ಸಾಲಾಗಿ ಗೋಡೆ ಹತ್ತಿ ಹೋಗುತ್ತಿದ್ದವು. ಉಳಿದ ಕಡೆ ಮುಟ್ಟಿದರೆ ಉದುರುವ ಮಣ್ಣು, ಅವು ಹತ್ತುವಲ್ಲಿ ಮಾತ್ರ ಉದುರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಕತ್ತಿಯಿಂದ ಅಲ್ಲಿ ಕೆರೆದೆ. ಬೇರು ಸಿಕ್ಕಿತು. ಕಾಲಿಡಲು ಗೋಡೆಯಲ್ಲಿ ತೂತು ಕೊರೆದು ಬೇರು ಹಿಡಿದು ಏರಿದೆ. ಕಣ್ಣು ನೆಲದ ಮಟ್ಟಕ್ಕೆ ಬಂತು. ಅದಕ್ಕಿಂತ ಮೇಲೆ ಹಿಡಿಯಲು ಏನೂ ಇರಲಿಲ್ಲ. ನನ್ನ ತಲೆ ಕಂಡು ಹರಟೆಮಲ್ಲ ಹಕ್ಕಿಗಳೆಲ್ಲ ಸೇರಿ ಬೈಯತೊಡಗಿದವು. ಕೈ ಸೋತರೂ ಬಿಡದೆ ಜೋತುಬಿದ್ದೆ.

"ಹಕ್ಕಿ ಹತ್ರ ಬೈಸ್ಕಂತಾ ನಿಂತೀಯಾ ಹೆಣ್ಣೆ!"

ಗುಡ್ಡಕ್ಕ. ನಾನು ಹೆದರಿ ಮನೆಗೆ ಓಡಿದೆ ಎಂದುಕೊಂಡು ಅವಳು ಊರಿಗೆ ಹೋಗಿ, ಅಲ್ಲಿ ಬರೀ ಮಗುವಿನ ಅಳು ಕೇಳಿ, ನನ್ನ ಮೈದುನ ಮಾರಪ್ಪನನ್ನೂ ಎಬ್ಬಿಸಿಕೊಂಡು ತಿರುಗಿ ಬಂದು, ಇಬ್ಬರೂ ಒಂದೊಂದು ಕಡೆ ಹುಡುಕುತ್ತಿದ್ದರು. ಗೆಣ್ಣಿಗೆ ಗೇಣುದ್ದ ಕವಲು ಉಳಿಸಿ ಸವರಿದ ಬಿದಿರೊಂದನ್ನು ಇಳಿಬಿಟ್ಟಳು. ಆ ಕವಲುಗಳ ಮೇಲೆ ಕಾಲಿಟ್ಟು ಹತ್ತಿದೆ.

"ಮತ್ತಿಮರದಡಿಗೆ ನಂದಿಮರದ ಎಲೆ ಎಲ್ಲಿಂದ ಬಂತು ಅಂತ ನೋಡ್ಬಾರ್ದ? ಯಾರೋ ತಂದು ಮುಚ್ಚಿದ್ದು," ಎಂದು ದರಗು ಎತ್ತಿ ತೋರಿಸಿದಳು. ಆಮೇಲೆ, "ಮಾರಪ್ಪ ಇಲ್ಲೇ ಬಂದಿದ್ನಲ್ಲೆ. ಕರೀಲಿಲ್ವಾ?"

"ಕರೆದ್ರು. ಎರಡೇ ಸಲ."

"ಮತ್ತೆ?"

"ಮೂರನೇದು ಕರೀಲಿಲ್ಲ."

ಗುಡ್ಡಕ್ಕ ನಗಲಿಲ್ಲ. ನನ್ನ ಒದ್ದೆ ಕುಪ್ಪಸ ನೋಡಿದಳು. ತನ್ನ ಸೆರಗಿನಿಂದ ನನ್ನ ಮೈಯ ಮಣ್ಣು ಒರೆಸಿ, "ನಡೀ ನಡೀ, ಕೂಸು ಕಾಯ್ತದೆ," ಎಂದಳು.

ಮಗನಿಗೆ ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಎತ್ತಿಕೊಂಡ ಕೂಡಲೇ ಬಾಯಿ ಹಾಕಿದ.

ಅಂದಿನಿಂದ ಗುಡ್ಡಕ್ಕ ಯಾರನ್ನು ಕರೆದರೂ ಮೂರು ಸಲ ಕರೆಯುವಳು. ಎದುರಿಗೇ ನಿಂತಿದ್ದರೂ ಅಷ್ಟೇ. "ಬಂದೆ ಮಾರಾಯ್ತಿ, ಕಿವಿ ಕೇಳ್ತದೆ," ಎಂದು ಮಾರಪ್ಪ ರೇಗಿದರೆ, "ನಿಂಗಲ್ಲ ಬಿಡಾ, ಗುಂಡೀಲಿ ಇರೋರಿಗೆ," ಅನ್ನುವಳು.